ಕಮರ್ಷಿಯಲ್ ಸೈಟ್ ಪ್ಲಾನನ್ನ ಝೋನಿಂಗ್ ಮತ್ತು ಲ್ಯಾಂಡ್‌ಸ್ಕೇಪ್ ನಿಯಮಗಳ ಜೊತೆ ತಾಳೆ ನೋಡೋದು ಹೇಗೆ: ಸಮಗ್ರ ಮಾರ್ಗದರ್ಶಿ

ಮಂಜೂರಾತಿಗೆ ಅಂತ ಪ್ಲಾನ್ ಸೆಟ್ (ಒಂದು ಪ್ರಾಜೆಕ್ಟಿನ ಡ್ರಾಯಿಂಗ್ ಶೀಟುಗಳ ಕಟ್ಟು) ಕೈಗೆ ಬಂದ ತಕ್ಷಣ ಅದನ್ನ ಪರಿಶೀಲಿಸೋ ನಮ್ಮಲ್ಲಿ ಬಹಳ ಜನ ಮೊದ್ಲು ಬಿಲ್ಡಿಂಗ್ ಎಲ್ಲಿದೆ ನೋಡ್ತಾರೆ, ಆಮೇಲೆ ಪಾರ್ಕಿಂಗ್ ಎಣಿಸ್ತಾರೆ, ಕೊನೆಗೆ ಟೈಮ್ ಉಳಿದ್ರೆ ಗಿಡಮರದ ಶೀಟ್ ತಿರುಗಿಸ್ತಾರೆ. ನಾನೂ ಶುರುನಲ್ಲಿ ಹಾಗೇ ಮಾಡ್ತಿದ್ದೆ, ಅದ್ರಿಂದ ಆಗಿದ್ದು ಏನಂದ್ರೆ ಎರಡನೇ ಸುತ್ತಿನಲ್ಲೋ ಮೂರನೇ ಸುತ್ತಿನಲ್ಲೋ ಸೈಟಿನ ಎಲ್ಲೆಯ ಒಂದು ಗೆರೆ ತಪ್ಪಿದೆ ಅಂತ ಗೊತ್ತಾಗಿ ಅಲ್ಲಿವರೆಗೂ ಮಾಡಿದ ಲೆಕ್ಕ ಪೂರ್ತಿ ಮತ್ತೆ ಮಾಡ್ಬೇಕಾಯ್ತು. ಈಗ ನಾನು ನೋಡೋ ಕ್ರಮವೇ ಬೇರೆ. ಮೊದ್ಲು ಗೆರೆ, ಆಮೇಲೆ ಲೆಕ್ಕ, ಆಮೇಲೆ ಒಂದರ ಮೇಲೊಂದು ಶೀಟ್ ಇಟ್ಟು ತಾಳೆ ನೋಡೋದು. ತಪ್ಪುಗಳು ಹೆಚ್ಚಾಗಿ ಒಂದೇ ಶೀಟಿನೊಳಗೆ ಇರಲ್ಲ, ಎರಡು ಶೀಟುಗಳ ಮಧ್ಯೆ ಇರ್ತಾವೆ. ಸಿವಿಲ್ ಇಂಜಿನಿಯರ್ ಬರೆದಿದ್ದು ಸರಿ ಇರತ್ತೆ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಬರೆದಿದ್ದೂ ಸರಿ ಇರತ್ತೆ, ಎರಡನ್ನೂ ಒಂದೇ ನೆಲದ ಮೇಲೆ ಇಟ್ರೆ ಮಾತ್ರ ಪೈಪಿನ ಮೇಲೆ ಮರ ಬಂದು ಕೂತಿರತ್ತೆ.

ಒಂದೊಂದು ಊರಿನ ಕೋಡ್ (ಜಾಗ, ಕಟ್ಟಡದ ನಿಯಮಗಳ ಪುಸ್ತಕ) ಒಂದೊಂದು ತರ, ಹಾಗಾಗಿ ನಾನು ಕೆಳಗೆ ಉದಾಹರಣೆಗೆ ಹಿಡ್ಕೊಂಡಿರೋ ಮಿತಿಗಳನ್ನ ನಿಮ್ಮ ಊರಿನ ಮಿತಿ ಅಂದ್ಕೋಬೇಡಿ, ಲೆಕ್ಕ ಮಾಡೋ ವಿಧಾನ ಮಾತ್ರ ಎಲ್ಲ ಕಡೆ ಇದೇ.

ಉದಾಹರಣೆಗೆ ಈ ಸೈಟ್ ಇಟ್ಕೊಳ್ಳೋಣ: ರಸ್ತೆ ಕಡೆ 200 ಅಡಿ, ಒಳಕ್ಕೆ 300 ಅಡಿ, ಒಟ್ಟು 60,000 ಚದರಡಿ. ಹಿಂದುಗಡೆ ಮನೆಗಳು. ಬಿಲ್ಡಿಂಗ್ ಎರಡು ಅಂತಸ್ತು, ಒಂದೊಂದು ಅಂತಸ್ತು 12,000 ಚದರಡಿ, ಒಟ್ಟು 24,000. ಕೋಡ್ ಪ್ರಕಾರ ಎಫ್‌ಎಆರ್ (ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ಭಾಗಿಸು ಸೈಟಿನ ವಿಸ್ತೀರ್ಣ) 0.40 ದಾಟಬಾರದು, ಮುಂದಿನ ಸೆಟ್‌ಬ್ಯಾಕ್ (ಎಲ್ಲೆಯಿಂದ ಬಿಲ್ಡಿಂಗಿಗೆ ಬಿಡ್ಬೇಕಾದ ದೂರ) 25 ಅಡಿ, ಹಸಿರು ಜಾಗ ಕನಿಷ್ಠ 20%, ಹಿಂದೆ ಮನೆಗಳ ಕಡೆಗೆ 20 ಅಡಿ ಬಫರ್ (ಮರೆಗೆ ಗಿಡಮರ ನೆಡೋ ಪಟ್ಟಿ).

ಸ್ಟೆಪ್ 1: ಕೋಡನ್ನ ಓದೋದು, ಅದ್ರಲ್ಲೂ ವ್ಯಾಖ್ಯೆಗಳ ಅಧ್ಯಾಯ

ಪ್ಲಾನ್ ಬಿಚ್ಚೋ ಮೊದ್ಲು ಝೋನಿಂಗ್ ಮ್ಯಾಪಿನಲ್ಲಿ (ಊರಿನ ಯಾವ ಭಾಗದಲ್ಲಿ ಏನು ಕಟ್ಟಬೋದು ಅಂತ ತೋರಿಸೋ ನಕ್ಷೆ) ಆ ಜಾಗ ಯಾವ ಝೋನಲ್ಲಿದೆ ನೋಡಿ, ಅದ್ರ ಮೇಲೆ ಇನ್ನೊಂದು ಓವರ್‌ಲೇ ಝೋನ್ ಇದ್ಯಾ ನೋಡಿ. ಮುಖ್ಯ ರಸ್ತೆ ಕಾರಿಡಾರ್, ಹಳೇ ಕಟ್ಟಡಗಳ ಪ್ರದೇಶ, ಪ್ರವಾಹ ಬರೋ ಪ್ರದೇಶ, ಇಂಥದ್ದೆಲ್ಲ ಓವರ್‌ಲೇ ಆಗಿ ಬರತ್ತೆ, ಎರಡು ನಿಯಮ ಡಿಕ್ಕಿ ಹೊಡೆದ್ರೆ ಯಾವುದು ಬಿಗಿಯಾಗಿದ್ಯೋ ಅದೇ ನಡೆಯತ್ತೆ ಅಂತ ಬಹಳ ಕೋಡುಗಳು ಹೇಳ್ತಾವೆ. ಹಿಂದೆ ಇದೇ ಸೈಟಿಗೆ ರೀಝೋನಿಂಗ್ (ಝೋನ್ ಬದಲಾವಣೆ) ಆಗಿದ್ರೆ ಆವಾಗ ಹಾಕಿದ ಷರತ್ತುಗಳು ಫೈಲಿನಲ್ಲಿ ಇರ್ತಾವೆ, ಅವು ಮ್ಯಾಪಿನಲ್ಲಿ ಕಾಣಲ್ಲ, ಹುಡುಕಿ ತೆಗೀಬೇಕು.

ಆಮೇಲೆ ವ್ಯಾಖ್ಯೆಗಳು. ಇದನ್ನ ಯಾರೂ ಓದಲ್ಲ, ಆದ್ರೆ ಅರ್ಧ ಜಗಳ ಇಲ್ಲೇ ಮುಗಿಯತ್ತೆ. "ಲ್ಯಾಂಡ್‌ಸ್ಕೇಪ್ ಏರಿಯಾ" ಅಂದ್ರೆ ಜೀವಂತ ಗಿಡ ಇರೋ ಜಾಗ ಮಾತ್ರಾನಾ, ಇಲ್ಲ ಜಲ್ಲಿ, ನೀರು ಇಂಗೋ ಪೇವರ್, ಪ್ಲಾಜಾ ಎಲ್ಲ ಸೇರತ್ತಾ? ಸೆಟ್‌ಬ್ಯಾಕ್ ಅಳೆಯೋದು ಗೋಡೆಯಿಂದನಾ, ಮುಂದಕ್ಕೆ ಚಾಚಿರೋ ಸಜ್ಜದಿಂದನಾ? ಎಫ್‌ಎಆರ್ ಭಾಗಿಸೋದು ಒಟ್ಟು ವಿಸ್ತೀರ್ಣದಿಂದನಾ, ರಸ್ತೆಗೆ ಬಿಟ್ಟುಕೊಟ್ಟ ಮೇಲೆ ಉಳಿಯೋ ನೆಟ್ ವಿಸ್ತೀರ್ಣದಿಂದನಾ? ಭಿನ್ನರಾಶಿ ಬಂದ್ರೆ ಮೇಲಕ್ಕೆ ಏರಿಸೋದಾ, ಬಿಡೋದಾ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಕೊಂಡು ಮುಂದಕ್ಕೆ ಹೋಗಿ. "ಶಲ್" ಅಂತ ಬರೆದಿದ್ರೆ ಕಡ್ಡಾಯ, "ಶುಡ್" ಅಂತ ಬರೆದಿದ್ರೆ ಮಾಡಿದ್ರೆ ಒಳ್ಳೇದು ಅಂತ. ಕಡ್ಡಾಯ ಅಲ್ಲದ್ದನ್ನ ಕಡ್ಡಾಯ ಅಂತ ಶರಾ ಬರೆದ್ರೆ ಅರ್ಜಿದಾರರಿಗೆ ಸುಮ್ನೆ ತೊಂದ್ರೆ, ನಿಮ್ಮ ಮಾತಿನ ತೂಕವೂ ಕಮ್ಮಿ ಆಗತ್ತೆ.

ಸ್ಟೆಪ್ 2: ಸೆಟ್ ಪೂರ್ತಿ ಇದ್ಯಾ, ಸ್ಕೇಲ್ ನಿಜಾನಾ

ಇದು ಹತ್ತು ನಿಮಿಷದ ಕೆಲಸ. ಸರ್ವೆ, ಸೈಟ್ ಪ್ಲಾನ್, ಗ್ರೇಡಿಂಗ್ (ನೆಲದ ಏರುತಗ್ಗು) ಮತ್ತು ಮಳೆನೀರು, ಯುಟಿಲಿಟಿ (ನೀರು, ಒಳಚರಂಡಿ, ವಿದ್ಯುತ್ ಲೈನು), ಲ್ಯಾಂಡ್‌ಸ್ಕೇಪ್, ಲೈಟಿಂಗ್, ಬಿಲ್ಡಿಂಗ್ ಎಲಿವೇಶನ್ (ಹೊರಗೋಡೆಗಳ ನೇರ ನೋಟ) ಎಲ್ಲ ಇರ್ಬೇಕು, ಎಲ್ಲದರ ಮೇಲೂ ಒಂದೇ ರಿವಿಷನ್ ತಾರೀಖು ಇರ್ಬೇಕು. ಸಿವಿಲ್ ಶೀಟ್ ಹೊಸ ತಾರೀಖಿನದ್ದು, ಲ್ಯಾಂಡ್‌ಸ್ಕೇಪ್ ಶೀಟ್ ಎರಡು ತಿಂಗಳ ಹಿಂದಿನದ್ದು ಅಂತ ಕಂಡ್ರೆ ಅಲ್ಲೇ ಎಚ್ಚರ ಆಗಿ, ಬಿಲ್ಡಿಂಗ್ ಜರುಗಿಸಿರ್ತಾರೆ, ಮರಗಳು ಹಳೇ ಬಿಲ್ಡಿಂಗಿನ ಸುತ್ತ ಇನ್ನೂ ನಿಂತಿರ್ತಾವೆ. ಪಿಡಿಎಫ್‌ನಲ್ಲಿ ಅಳೆಯೋದಾದ್ರೆ ಮೊದ್ಲು ಗೊತ್ತಿರೋ ಒಂದು ಅಳತೆ ಹಿಡಿದು ಸ್ಕೇಲ್ ಸೆಟ್ ಮಾಡಿ, ಈ ಸೈಟಲ್ಲಾದ್ರೆ ಮುಂದಿನ 200 ಅಡಿ ಗೆರೆ. ದೊಡ್ಡ ಹಾಳೆಗೆ ಬರೆದಿದ್ದನ್ನ ಸಣ್ಣ ಹಾಳೆಗೆ ಪ್ರಿಂಟ್ ಮಾಡಿ ಸ್ಕ್ಯಾನ್ ಮಾಡಿದ್ರೆ ಬರೆದಿರೋ ಸ್ಕೇಲ್ ಸುಳ್ಳಾಗಿರತ್ತೆ, ಹಾಳೆ ಮೇಲಿನ ಸ್ಕೇಲ್ ಬಾರ್ ಮಾತ್ರ ಚಿತ್ರದ ಜೊತೆಗೇ ಕುಗ್ಗಿರೋದ್ರಿಂದ ಅದನ್ನ ನಂಬಬೋದು.

ಸ್ಟೆಪ್ 3: ಗೆರೆ

ಇಲ್ಲಿ ನಿಧಾನ ಮಾಡಿ. ಸರ್ವೆಯಲ್ಲಿರೋ ಬೌಂಡರಿ, ಆಸ್ತಿ ಪತ್ರದಲ್ಲಿರೋ ಅಳತೆ, ಸೈಟ್ ಪ್ಲಾನಿನ ಬೌಂಡರಿ, ಮೂರೂ ಒಂದೇನಾ ಅಂತ ಒಂದೊಂದು ಬದಿಯನ್ನೂ ಓದಿ ನೋಡಿ. ಅದಾದ್ಮೇಲೆ ಎರಡು ಪ್ರಶ್ನೆ: ರಸ್ತೆ ಅಗಲ ಮಾಡೋಕೆ ಜಾಗ ಬಿಟ್ಟುಕೊಡ್ಬೇಕಾ, ಮತ್ತೆ ಸೈಟಿನೊಳಗೆ ಯಾರದ್ದಾದ್ರೂ ಈಸ್ಮೆಂಟ್ (ಪೈಪ್, ದಾರಿ ಇಂಥದ್ದಕ್ಕೆ ಆ ಜಾಗ ಬಳಸೋ ಹಕ್ಕು) ಇದ್ಯಾ.

ನಮ್ಮ ಉದಾಹರಣೆಯಲ್ಲಿ ಮುಂದುಗಡೆ 10 ಅಡಿ ರಸ್ತೆಗೆ ಹೋಗ್ಬೇಕು ಅಂತ ಇಟ್ಕೊಳ್ಳಿ. ಸಿವಿಲ್ ಶೀಟಲ್ಲಿ ಅದು ಚುಕ್ಕೆ ಗೆರೆಯಾಗಿ ಬಂದಿದೆ, ಉಳಿದ ಶೀಟುಗಳಲ್ಲಿ ಇಲ್ಲ. ಆ ಒಂದು ಗೆರೆಯಿಂದ ಏನೇನಾಗತ್ತೆ ನೋಡಿ. 200 ಗುಣಿಸು 10, ಅಂದ್ರೆ 2,000 ಚದರಡಿ ಹೋಯ್ತು, ನೆಟ್ 58,000. ಎಫ್‌ಎಆರ್ ಟೇಬಲಲ್ಲಿ 24,000 ಭಾಗಿಸು 60,000, ಸರಿಯಾಗಿ 0.40 ಅಂತ ತೋರಿಸಿದ್ದಾರೆ, ಆದ್ರೆ ಕೋಡ್ ನೆಟ್ ವಿಸ್ತೀರ್ಣ ಕೇಳಿದ್ರೆ ಅದು 0.414 ಆಗತ್ತೆ, ಕಟ್ಟಬಹುದಾದ್ದು 23,200 ಮಾತ್ರ, 800 ಚದರಡಿ ಜಾಸ್ತಿ ಆಯ್ತು. ಬಿಲ್ಡಿಂಗ್ ಹಳೇ ಗೆರೆಯಿಂದ 28 ಅಡಿ ಹಿಂದೆ ಇತ್ತು, 25 ಬೇಕಾದಲ್ಲಿ 3 ಅಡಿ ಹೆಚ್ಚೇ ಬಿಟ್ಟಿದ್ರು, ಈಗ ಹೊಸ ಗೆರೆಯಿಂದ ಅಳೆದ್ರೆ 18 ಅಡಿ, 7 ಅಡಿ ಕಮ್ಮಿ. ರಸ್ತೆ ಬದಿಯಲ್ಲಿ ತೋರಿಸಿದ ಹುಲ್ಲುಪಟ್ಟಿಯೂ ಇನ್ಮೇಲೆ ಸೈಟಿನದ್ದಲ್ಲ. ಮೂರು ಟೇಬಲ್ ಒಂದೇ ಸಲಕ್ಕೆ ಬಿದ್ದೋಯ್ತು! ಇದನ್ನ ಮೊದಲ ಸುತ್ತಲ್ಲೇ ಹೇಳಿದ್ರೆ ಆರ್ಕಿಟೆಕ್ಟ್ ಬಿಲ್ಡಿಂಗ್ ಹಿಂದಕ್ಕೆ ತಳ್ಳಿ ಸರಿ ಮಾಡ್ಬೋದು, ಸ್ಟ್ರಕ್ಚರಲ್ ಡ್ರಾಯಿಂಗ್ ಎಲ್ಲ ಮುಗಿದ ಮೇಲೆ ಹೇಳಿದ್ರೆ ಅವ್ರ ಗತಿ ಏನು ಯೋಚ್ನೆ ಮಾಡಿ.

ಈಸ್ಮೆಂಟ್ ಕೂಡ ಹೀಗೇ. ಹಿಂದುಗಡೆ 20 ಅಡಿ ಬಫರ್ ಚೆನ್ನಾಗಿ ಹಸಿರು ಬಣ್ಣ ಹಾಕಿ ತೋರಿಸಿರ್ತಾರೆ, ಯುಟಿಲಿಟಿ ಶೀಟ್ ನೋಡಿದ್ರೆ ಅದೇ ಪಟ್ಟಿಯಲ್ಲಿ 15 ಅಡಿ ಅಗಲದ ಒಳಚರಂಡಿ ಈಸ್ಮೆಂಟ್ ಇರತ್ತೆ, ಅದ್ರಲ್ಲಿ ಮರ ನೆಡೋ ಹಾಗಿರಲ್ಲ. ಉಳಿದಿದ್ದು 5 ಅಡಿ. ಎಂಟು ದೊಡ್ಡ ಮರ 5 ಅಡಿ ಪಟ್ಟಿಯಲ್ಲಿ ಬದುಕಲ್ಲ. ಬಫರನ್ನ ಈಸ್ಮೆಂಟಿನಿಂದ ಈಚೆಗೆ ಎಳೀಬೇಕು, ಆಗ ಪಾರ್ಕಿಂಗಿನ ಒಂದು ಸಾಲಿಗೆ ಏಟು ಬೀಳ್ಬೋದು, ಅದನ್ನೂ ಈಗಲೇ ಹೇಳೋದು ನ್ಯಾಯ.

ಸ್ಟೆಪ್ 4: ಬಳಕೆ ಮತ್ತು ಪಾರ್ಕಿಂಗ್

ಬಿಲ್ಡಿಂಗಲ್ಲಿ ಏನು ನಡೆಯತ್ತೆ ಅನ್ನೋದರ ಮೇಲೆ ಪಾರ್ಕಿಂಗ್ ನಿಂತಿರತ್ತೆ. ಅಂಗಡಿಗಳಿಗೆ 300 ಚದರಡಿಗೆ ಒಂದು ಸ್ಟಾಲ್ (ಒಂದು ಕಾರು ನಿಲ್ಲಿಸೋ ಜಾಗ) ಅಂತ ಇದ್ರೆ 24,000ಕ್ಕೆ 80 ಸ್ಟಾಲ್, ಪ್ಲಾನಲ್ಲೂ 80 ಇದೆ, ಸರಿ. ಆದ್ರೆ ಫ್ಲೋರ್ ಪ್ಲಾನಿನಲ್ಲಿ ಒಂದು ಮೂಲೆಯಲ್ಲಿ 4,000 ಚದರಡಿಗೆ ಅಡುಗೆಮನೆ, ಗ್ರೀಸ್ ಟ್ರ್ಯಾಪ್ (ಅಡುಗೆ ಎಣ್ಣೆಯ ಜಿಡ್ಡು ತಡೆಯೋ ತೊಟ್ಟಿ) ಎಲ್ಲ ತೋರಿಸಿದ್ರೆ ಅದು ರೆಸ್ಟೋರೆಂಟ್, ಅದಕ್ಕೆ 100 ಚದರಡಿಗೆ ಒಂದು ಅಂತ ಕೋಡ್ ಹೇಳಿದ್ರೆ 40 ಸ್ಟಾಲ್, ಉಳಿದ 20,000ಕ್ಕೆ 66.7 ಅಂದ್ರೆ 67, ಒಟ್ಟು 107. ಪ್ಲಾನಲ್ಲಿ 27 ಕಮ್ಮಿ. ಫ್ಲೋರ್ ಪ್ಲಾನಿನ ಒಂದು ಸಣ್ಣ ಚೌಕದಿಂದ ಇಷ್ಟು ದೊಡ್ಡ ವಿಷಯ ಗೊತ್ತಾಗತ್ತೆ, ಅದಕ್ಕೇ ಎಲ್ಲ ಶೀಟೂ ನೋಡಿ ಅನ್ನೋದು. ಕೆಲವು ಊರುಗಳು ಕನಿಷ್ಠ ಪಾರ್ಕಿಂಗ್ ತೆಗೆದುಹಾಕಿ ಗರಿಷ್ಠ ಮಿತಿ ಇಟ್ಟಿದ್ದಾವೆ, ಅಲ್ಲಿ ನೀವು ನೋಡ್ಬೇಕಾದ್ದು ಉಲ್ಟಾ, ಬೇಕಾದ್ದಕ್ಕಿಂತ ಜಾಸ್ತಿ ಟಾರು ಹಾಕಿದ್ದಾರಾ ಅಂತ.

ಸ್ಟಾಲಿನ ಅಳತೆ ಸಾಮಾನ್ಯವಾಗಿ 9 ಅಡಿ ಅಗಲ 18 ಅಡಿ ಉದ್ದ, ನೇರವಾಗಿ ನಿಲ್ಲಿಸೋ ಎರಡು ಸಾಲಿನ ಮಧ್ಯೆ 24 ಅಡಿ ದಾರಿ. ದಾರಿಯೆಲ್ಲ ಸೇರಿಸಿದ್ರೆ ಒಂದು ಕಾರಿಗೆ 300 ರಿಂದ 350 ಚದರಡಿ ಹೋಗತ್ತೆ, ಹಾಗಾಗಿ 80 ಸ್ಟಾಲ್ ಅಂದ್ರೆ ಸುಮಾರು 26,000 ಚದರಡಿ ಟಾರು. ಇದನ್ನ ನೆನಪಿಟ್ಕೊಳ್ಳಿ, ನೆರಳಿನ ಲೆಕ್ಕಕ್ಕೆ ಬೇಕಾಗತ್ತೆ.

ಗಾಲಿಕುರ್ಚಿ ಬಳಸೋರ ಸ್ಟಾಲುಗಳನ್ನ ಎಣಿಸಿ ಬಿಟ್ರೆ ಸಾಲಲ್ಲ. ಸ್ಟಾಲಿಂದ ಬಾಗಿಲವರೆಗೆ ಬೆರಳಿಟ್ಟು ದಾರಿ ಎಳೀರಿ, ಮಧ್ಯೆ ಕರ್ಬ್ ಅಡ್ಡ ಬರತ್ತಾ, ದೀಪದ ಕಂಬ ಬರತ್ತಾ, ಗಿಡದ ಪಾತಿ ಬರತ್ತಾ ನೋಡಿ. ಅಮೆರಿಕದ ಎಡಿಎ (ಅಂಗವಿಕಲರ ಹಕ್ಕುಗಳ ಕಾನೂನು) ಮಾನದಂಡ ನಡೆಯೋ ಕಡೆ ರ‍್ಯಾಂಪ್ 1:12ಕ್ಕಿಂತ (12 ಅಡಿಗೆ 1 ಅಡಿ ಏರು) ಕಡಿದಾಗಿರಬಾರದು, ಆ ಸ್ಟಾಲಿನ ನೆಲ ಯಾವ ದಿಕ್ಕಿಗೂ 1:48ಕ್ಕಿಂತ ಹೆಚ್ಚು ಇಳಿಜಾರಿರಬಾರದು, 76 ರಿಂದ 100 ಸ್ಟಾಲ್ ಇರೋ ಪಾರ್ಕಿಂಗಿಗೆ ಇಂಥವು ಕನಿಷ್ಠ 4 ಬೇಕು. ಇಳಿಜಾರು ಸೈಟ್ ಪ್ಲಾನಲ್ಲಿ ಕಾಣಲ್ಲ, ಗ್ರೇಡಿಂಗ್ ಶೀಟಿನ ಸ್ಪಾಟ್ ಎಲಿವೇಶನ್ (ಆಯಾ ಬಿಂದುವಿನಲ್ಲಿ ನೆಲದ ಎತ್ತರ) ನೋಡಿ ಲೆಕ್ಕ ಹಾಕ್ಬೇಕು.

ಸ್ಟೆಪ್ 5: ಹಸಿರು ಜಾಗವನ್ನ ನೀವೇ ಅಳೀರಿ

ಟೇಬಲಲ್ಲಿ ಬರೆದಿರೋ ಸಂಖ್ಯೆನ ಹಾಗೇ ಒಪ್ಕೋಬೇಡಿ. ನಮ್ಮ ಪ್ಲಾನಿನ ಟೇಬಲ್ 12,600 ಚದರಡಿ, 21% ಅನ್ನತ್ತೆ. ನೀವು ಒಂದೊಂದು ಪಾತಿ ಸುತ್ತ ಗೆರೆ ಎಳೆದು ಅಳೆದ್ರೆ 12,600 ಸರಿಯಾಗೇ ಬರತ್ತೆ, ಕೂಡಿದ್ದರಲ್ಲಿ ತಪ್ಪಿಲ್ಲ. ಆದ್ರೆ ಅದ್ರೊಳಗೆ ಏನಿದೆ ನೋಡಿ: ರಸ್ತೆಗೆ ಹೋಗೋ 2,000 ಚದರಡಿ ಹುಲ್ಲು, ಜನರೇಟರ್ ಸುತ್ತಲಿನ ಜಲ್ಲಿ 400, ಮತ್ತೆ 5 ಅಡಿಗಿಂತ ಕಿರಿದಾದ ಪಟ್ಟಿಗಳು ಒಟ್ಟು 500, ಅವನ್ನ ನಮ್ಮ ಕೋಡ್ ಲೆಕ್ಕಕ್ಕೆ ತಗೊಳ್ಳಲ್ಲ. ಮೂರೂ ಕಳೆದ್ರೆ 9,700, ಭಾಗಿಸು 58,000, ಅಂದ್ರೆ 16.7%. ಬೇಕಾಗಿದ್ದು 11,600, ಕೊರತೆ 1,900.

ಇನ್ನೊಂದು ಸಣ್ಣ ವಿಷಯ, ಇದು ಎಲ್ಲ ಕಡೆ ತಪ್ಪೋದು. ಕಾರಿನ ಮೂತಿ ಕರ್ಬ್ ದಾಟಿ ಸುಮಾರು 2 ಅಡಿ ಪಾತಿಯೊಳಗೆ ಚಾಚ್ಕೊಳ್ಳತ್ತೆ. ಹಾಗಾಗಿ 7 ಅಡಿ ಪಾತಿಯಲ್ಲಿ ಗಿಡಕ್ಕೆ ಸಿಗೋದು 5 ಅಡಿ, ಆ ಮೊದಲ 2 ಅಡಿಯಲ್ಲಿ ಪೊದೆ ನೆಟ್ಟಿದ್ರೆ ಬಂಪರ್ ತಾಗಿ ತಾಗಿ ಒಣಗತ್ತೆ. ಅಲ್ಲಿ ನೆಲಕ್ಕೆ ಹರಡೋ ಗಿಡ ಹಾಕಿಸಿ, ಇಲ್ಲಾಂದ್ರೆ ವೀಲ್ ಸ್ಟಾಪ್ (ಚಕ್ರ ತಡೆಯೋ ದಿಮ್ಮಿ) ಕೇಳಿ.

ಸ್ಟೆಪ್ 6: ಮರಗಳ ಎಣಿಕೆ

ಕೋಡಿನಲ್ಲಿ ಮರಗಳ ಲೆಕ್ಕ ಸಾಮಾನ್ಯವಾಗಿ ಮೂರು ಕಡೆಯಿಂದ ಬರತ್ತೆ: ರಸ್ತೆ ಬದಿ, ಪಾರ್ಕಿಂಗ್ ಒಳಗೆ, ಬಫರ್. ರಸ್ತೆ ಬದಿ 30 ಅಡಿಗೆ ಒಂದು ಅಂದ್ರೆ 200 ಭಾಗಿಸು 30, 6.7, ಏರಿಸಿದ್ರೆ 7. ಡ್ರೈವ್‌ವೇ ಅಗಲ ಕಳೆಯೋಕೆ ಕೋಡ್ ಬಿಟ್ರೆ 170 ಅಡಿಗೆ 6. ಪಾರ್ಕಿಂಗಲ್ಲಿ 10 ಸ್ಟಾಲಿಗೆ ಒಂದು ಅಂದ್ರೆ 8. ಬಫರಿಗೆ 100 ಅಡಿಗೆ 4 ಮರ, 20 ಪೊದೆ ಅಂದ್ರೆ 8 ಮರ, 40 ಪೊದೆ. ಡ್ರೈವ್‌ವೇ ಕಳೆಯದೆ ಒಟ್ಟು 23 ಮರ.

ಈಗ ಟೇಬಲ್ ಬಿಡಿ, ಚಿತ್ರದಲ್ಲಿ ಮರ ಅಂತ ಬರೆದಿರೋ ಸುತ್ತುಗಳನ್ನ ಪೆನ್ಸಿಲಲ್ಲಿ ಗುರುತು ಹಾಕ್ತಾ ಎಣಿಸಿ. ಟೇಬಲಲ್ಲಿ 23, ಚಿತ್ರದಲ್ಲಿ 20 ಇರೋದು ಏನೂ ಅಪರೂಪ ಅಲ್ಲ, ಮೂಲೆಯಲ್ಲಿರೋ ಒಂದೇ ಮರವನ್ನ ರಸ್ತೆ ಮರ ಅಂತಲೂ ಪಾರ್ಕಿಂಗ್ ಮರ ಅಂತಲೂ ಎರಡು ಸಲ ಲೆಕ್ಕ ಹಿಡಿದಿರ್ತಾರೆ. ಕೋಡ್ ಅದಕ್ಕೆ ಒಪ್ಪತ್ತಾ ಇಲ್ವಾ ನೋಡಿ ಹೇಳಿ.

ಎಣಿಕೆ ಸರಿ ಇದ್ದು ಉದ್ದೇಶ ತಪ್ಪೋದು ಬಫರಲ್ಲಿ ಜಾಸ್ತಿ. 40 ಪೊದೆ ಬೇಕಿತ್ತು, 40 ಇದೆ, ಆದ್ರೆ ಅದೇ ಕೋಡ್ ಇನ್ನೊಂದು ವಾಕ್ಯದಲ್ಲಿ ಮೂರು ವರ್ಷದೊಳಗೆ 6 ಅಡಿ ಎತ್ತರದ ಸಂದಿಲ್ಲದ ಮರೆ ಆಗ್ಬೇಕು ಅಂದಿದ್ರೆ, 3 ಅಡಿ ಅಗಲ ಆಗೋ ಪೊದೆ 200 ಅಡಿಗೆ ಸುಮಾರು 67 ಬೇಕು. ಮನೆ ಕಿಟಕಿ ಎದುರಿಗೆ ರಾತ್ರಿ ಕಾರುಗಳ ಹೆಡ್‌ಲೈಟ್ ಬೀಳೋ ಜನಕ್ಕೆ ಆ ವಾಕ್ಯ ತುಂಬಾ ಮುಖ್ಯ, ಅವ್ರು ನಮ್ಮ ಆಫೀಸಿಗೆ ಬಂದು ಪ್ಲಾನ್ ಓದಲ್ಲ, ಅವ್ರ ಪರವಾಗಿ ನಾವೇ ಓದ್ಬೇಕು.

ಮರದ ಗಾತ್ರ ಹೇಳೋವಾಗ ಎರಡು ಅಳತೆ ಕಲಸಿಬಿಡ್ತಾರೆ. ನರ್ಸರಿ ಮರದ ಕ್ಯಾಲಿಪರ್ (ಕಾಂಡದ ದಪ್ಪ) ಅಳೆಯೋದು ನೆಲದಿಂದ 6 ಇಂಚು ಮೇಲೆ, ಅಲ್ಲಿ 4 ಇಂಚಿಗಿಂತ ದಪ್ಪ ಇದ್ರೆ 12 ಇಂಚು ಮೇಲೆ. ಆಗಲೇ ಸೈಟಲ್ಲಿರೋ ಮರದ್ದು ಎದೆಮಟ್ಟದಲ್ಲಿ, ಅಮೆರಿಕದ ರೂಢಿ ಪ್ರಕಾರ 4.5 ಅಡಿ ಎತ್ತರದಲ್ಲಿ. ಉಳಿಸ್ತೀವಿ ಅಂತ ತೋರಿಸಿರೋ ಹಳೇ ಮರಕ್ಕೆ ಬೇರಿನ ರಕ್ಷಣಾ ವಲಯ ಬೇಕು, ಸಾಮಾನ್ಯ ನಿಯಮ ಏನಂದ್ರೆ ಎದೆಮಟ್ಟದ ವ್ಯಾಸದ ಒಂದೊಂದು ಇಂಚಿಗೂ ಒಂದೊಂದು ಅಡಿ ತ್ರಿಜ್ಯ. 20 ಇಂಚಿನ ಮರಕ್ಕೆ 20 ಅಡಿ ತ್ರಿಜ್ಯ, ಅಂದ್ರೆ 40 ಅಡಿ ಅಡ್ಡಗಲದ ವೃತ್ತ. ಅದನ್ನ ಗ್ರೇಡಿಂಗ್ ಶೀಟಿನ ಮೇಲೆ ಬರೆದು ನೋಡಿ. ಮರದ ಪಕ್ಕ "ಉಳಿಸೋದು" ಅಂತ ಬರೆದು ಅದ್ರ ಬುಡದಿಂದ 8 ಅಡಿ ದೂರದಲ್ಲಿ ಎರಡಡಿ ಮಣ್ಣು ತೆಗೆಯೋದನ್ನ ನಾನು ಬಹಳ ಸಲ ನೋಡಿದ್ದೀನಿ. ಆ ಮರ ಆ ವರ್ಷ ಹಸಿರಾಗೇ ಇರತ್ತೆ, ಕೆಲವು ವರ್ಷ ಆದ್ಮೇಲೆ ತುದಿಯಿಂದ ಒಣಗ್ತಾ ಬರತ್ತೆ, ಅಷ್ಟೊತ್ತಿಗೆ ಯಾರಿಗೂ ಕಾರಣ ನೆನಪಿರಲ್ಲ.

ಜಾತಿ ವೈವಿಧ್ಯ: 1990ರಲ್ಲಿ ಫ್ರ್ಯಾಂಕ್ ಸಾಂಟಮೂರ್ ಅನ್ನೋ ವಿಜ್ಞಾನಿ 10-20-30 ಸೂತ್ರ ಮುಂದಿಟ್ರು, ಒಂದೇ ಪ್ರಭೇದ 10%ಕ್ಕಿಂತ, ಒಂದೇ ಕುಲ 20%ಕ್ಕಿಂತ, ಒಂದೇ ಕುಟುಂಬ 30%ಕ್ಕಿಂತ ಹೆಚ್ಚಿರಬಾರದು ಅಂತ. ಉತ್ತರ ಅಮೆರಿಕದಲ್ಲಿ ಬೀದಿಗಟ್ಟಲೆ ಎಲ್ಮ್ ಮರಗಳು ಡಚ್ ಎಲ್ಮ್ ರೋಗಕ್ಕೆ ಸತ್ತಿದ್ದವು, 2002ರಲ್ಲಿ ಮಿಶಿಗನ್‌ನಲ್ಲಿ ಎಮರಾಲ್ಡ್ ಆಶ್ ಬೋರರ್ ಅನ್ನೋ ಹುಳ ಸಿಕ್ಕಿದ ಮೇಲೆ ಆಶ್ ಮರಗಳಿಗೂ ಅದೇ ಗತಿ ಬಂತು. ಆದ್ರೆ 23 ಮರದ ಸೈಟಿಗೆ 10% ಅಂದ್ರೆ ಎರಡೇ ಮರ, ಆ ಸೂತ್ರ ಇಡೀ ಊರಿನ ಮರಗಳಿಗೆ ಹೇಳಿದ್ದು, ಒಂದು ಸಣ್ಣ ಸೈಟಿಗೆ ನಾಲ್ಕೈದು ಪ್ರಭೇದ ಇದ್ರೆ ನನ್ನ ಪ್ರಕಾರ ಸಾಕು. ಕೋಡಲ್ಲಿ ಇಷ್ಟು ಮರಕ್ಕೆ ಇಷ್ಟು ಪ್ರಭೇದ ಅಂತ ಸ್ಲ್ಯಾಬ್ ಇದ್ರೆ ಅದನ್ನೇ ಹಿಡೀರಿ.

ಸ್ಟೆಪ್ 7: ಮರಕ್ಕೆ ಮಣ್ಣಿದ್ಯಾ

ಬಹಳ ಕೋಡುಗಳು ಇದನ್ನ ಕೇಳಲ್ಲ, ಆದ್ರೂ ನಾನು ನೋಡೇ ನೋಡ್ತೀನಿ. ಮರ ಎಷ್ಟು ಹರಡತ್ತೋ ಆ ಹರವಿನ ಒಂದೊಂದು ಚದರಡಿಗೆ 1 ರಿಂದ 2 ಘನ ಅಡಿ ಮಣ್ಣು ಬೇಕು ಅನ್ನೋದು ಬಳಕೆಯಲ್ಲಿರೋ ಲೆಕ್ಕ. 30 ಅಡಿ ಹರವಿನ ಮರ ಸುಮಾರು 707 ಚದರಡಿ ಮುಚ್ಚತ್ತೆ, ಹಾಗಾಗಿ ಕಮ್ಮಿ ಅಂದ್ರೆ 707, ಚೆನ್ನಾಗಿ ಬೆಳೀಬೇಕಂದ್ರೆ 1,400 ಘನ ಅಡಿ. ಒಂದು ಸ್ಟಾಲ್ ಗಾತ್ರದ ಐಲ್ಯಾಂಡ್ (ಪಾರ್ಕಿಂಗ್ ಮಧ್ಯದ ಗಿಡದ ಪಾತಿ), 9 ಗುಣಿಸು 18, ಮೂರಡಿ ಆಳ ಅಂದ್ರೂ 486 ಘನ ಅಡಿ. 1,400ರ ಅರ್ಧವೂ ಇಲ್ಲ. ಅದ್ರ ಕೆಳಗಿನ ಮಣ್ಣನ್ನ ಟಾರು ಹಾಕೋವಾಗ ರೋಲರ್ ಒತ್ತಿ ಗಟ್ಟಿ ಮಾಡಿರತ್ತೆ, ಬೇರು ಇಳಿಯಲ್ಲ. ಎದುರು ಬದುರು ಎರಡು ಸ್ಟಾಲ್ ಸೇರಿಸಿ ಉದ್ದ ಐಲ್ಯಾಂಡ್ ಮಾಡಿ ಒಂದೇ ಮರ ಇಟ್ರೆ 972 ಆಗತ್ತೆ, ಅದು ಬದುಕತ್ತೆ. ಜಾಗ ಇಲ್ಲಾಂದ್ರೆ ಟಾರಿನ ಕೆಳಗೆ ಸಾಯಿಲ್ ಸೆಲ್ (ಮಣ್ಣು ತುಂಬೋ ಗಟ್ಟಿ ಚೌಕಟ್ಟು) ಅಥವಾ ಸ್ಟ್ರಕ್ಚರಲ್ ಸಾಯಿಲ್ (ಭಾರ ತಡೆಯೋ ಹಾಗೆ ಜಲ್ಲಿ ಬೆರೆಸಿದ ಮಣ್ಣು) ಹಾಕಿಸ್ಬೋದು, ಖರ್ಚು ಜಾಸ್ತಿ. ಕೋಡಿನಲ್ಲಿ ಇಲ್ಲದಿದ್ರೆ ಇದನ್ನ ಕಡ್ಡಾಯ ಅಂತ ಬರೀಬೇಡಿ, ಸಲಹೆ ಅಂತ ಬರೀರಿ, ಮಣ್ಣು ಸಡಿಲ ಮಾಡ್ಬೇಕು ಅನ್ನೋ ಒಂದು ಟಿಪ್ಪಣಿಯನ್ನಾದ್ರೂ ಡ್ರಾಯಿಂಗಿಗೆ ಸೇರಿಸಿಕೊಳ್ಳೋಕೆ ಹೆಚ್ಚಿನವರು ಒಪ್ತಾರೆ.

ನೆರಳಿನ ಲೆಕ್ಕಕ್ಕೂ ಇದೇ ಸಂಖ್ಯೆ. 8 ಪಾರ್ಕಿಂಗ್ ಮರ ಗುಣಿಸು 707, ಸುಮಾರು 5,650 ಚದರಡಿ, 26,000 ಟಾರಿಗೆ 22%. ಅದೂ ಎಲ್ಲ ಮರ ಪೂರ್ತಿ ಬೆಳೆದ್ರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ನಗರ 1983ರಲ್ಲೇ 15 ವರ್ಷದೊಳಗೆ ಪಾರ್ಕಿಂಗಿನ 50% ನೆರಳಾಗ್ಬೇಕು ಅಂತ ನಿಯಮ ತಂತು, ಆಮೇಲೆ ಅಳೆದು ನೋಡಿದಾಗ ಗುರಿ ಮುಟ್ಟಿರ್ಲಿಲ್ಲ. ಕಾಗದದ ಮೇಲೆ ನೆರಳು ಹೆಚ್ಚಾಗಿ ಕಾಣೋಕೆ ದಾರಿಗಳು ಗೊತ್ತಿರೋವೇ: ಅಂಚಿನ ಮರದ ಅರ್ಧ ನೆರಳು ಟಾರಿನಾಚೆ ಬಿದ್ರೂ ಪೂರ್ತಿ ಹಿಡಿಯೋದು, ಒಂದರ ಮೇಲೊಂದು ಬೀಳೋ ಹರವನ್ನ ಎರಡು ಸಲ ಕೂಡೋದು, ನೆಟ್ಟಗೆ ಬೆಳೆಯೋ ಕಿರಿದಾದ ಮರಕ್ಕೂ 30 ಅಡಿ ಸುತ್ತು ಬರೆಯೋದು. ಗಿಡಗಳ ಪಟ್ಟಿಯ ಹೆಸರು ನೋಡಿ ಆ ಮರ ನಿಜಕ್ಕೂ ಎಷ್ಟು ಹರಡತ್ತೆ ಅಂತ ತಿಳ್ಕೊಂಡು ಸುತ್ತು ಸರಿ ಮಾಡಿಸಿ.

ಸ್ಟೆಪ್ 8: ಶೀಟ್ ಮೇಲೆ ಶೀಟ್

ಈಗ ಲ್ಯಾಂಡ್‌ಸ್ಕೇಪ್ ಶೀಟನ್ನ ಒಂದೊಂದಾಗಿ ಉಳಿದೆಲ್ಲದರ ಮೇಲೆ ಇಡಿ. ಪಿಡಿಎಫ್ ಓವರ್‌ಲೇ ಮಾಡೋ ಸಾಫ್ಟ್‌ವೇರ್ ಇದ್ರೆ ಸುಲಭ, ಇಲ್ಲಾಂದ್ರೆ ಕಿಟಕಿ ಗಾಜಿಗೆ ಎರಡು ಹಾಳೆ ಒತ್ತಿ ಹಿಡಿದ್ರೂ ಕಾಣತ್ತೆ.

ಯುಟಿಲಿಟಿ ಜೊತೆ: ನೀರಿನ ಮತ್ತು ಒಳಚರಂಡಿ ಪೈಪುಗಳಿಂದ ಮರ ಸಾಮಾನ್ಯವಾಗಿ 10 ಅಡಿ ದೂರ ಕೇಳ್ತಾರೆ. ಟ್ರಾನ್ಸ್‌ಫಾರ್ಮರ್ ಮರೆ ಮಾಡಿ ಅಂತ ಝೋನಿಂಗ್ ಹೇಳತ್ತೆ, ಅದ್ರ ಬಾಗಿಲ ಮುಂದೆ ಸುಮಾರು 10 ಅಡಿ ಖಾಲಿ ಬಿಡಿ ಅಂತ ವಿದ್ಯುತ್ ಕಂಪನಿ ಹೇಳತ್ತೆ, ಹಾಗಾಗಿ ಮೂರು ಕಡೆ ಪೊದೆ, ಬಾಗಿಲ ಕಡೆ ಖಾಲಿ. ಮೇಲೆ ತಂತಿ ಹೋಗ್ತಿದ್ರೆ ಕೆಳಗೆ ದೊಡ್ಡ ಮರ ಬೇಡ, ಬೆಳೆದ ಮೇಲೆ ಮಧ್ಯಕ್ಕೆ ಸೀಳಿ ಕತ್ತರಿಸ್ತಾರೆ, ಕಣ್ಣಿಗೆ ನೋವಾಗತ್ತೆ.

ಲೈಟಿಂಗ್ ಜೊತೆ: ಕಂಬ ಮತ್ತೆ ಮರ ಒಂದೇ ಐಲ್ಯಾಂಡಲ್ಲಿ ಇರೋದು ಅತಿ ಸಾಮಾನ್ಯ ತಪ್ಪು. ಬೆಳಕಿನ ಲೆಕ್ಕವನ್ನ ಮರಗಳೇ ಇಲ್ಲ ಅನ್ನೋ ಹಾಗೆ ಮಾಡಿರ್ತಾರೆ. ಹತ್ತು ವರ್ಷ ಆದ್ಮೇಲೆ ಕತ್ತಲು ಅಂತ ದೂರು ಬರತ್ತೆ, ಕೊಡಲಿ ಬೀಳೋದು ಮರಕ್ಕೆ. ಈಗಲೇ ಕಂಬ ಜರುಗಿಸಿ.

ಅಗ್ನಿಶಾಮಕ ದಾರಿ ಜೊತೆ: ಇಂಟರ್‌ನ್ಯಾಷನಲ್ ಫೈರ್ ಕೋಡ್ ಪ್ರಕಾರ ದಾರಿ ಕನಿಷ್ಠ 20 ಅಡಿ ಅಗಲ, ಮೇಲೆ 13 ಅಡಿ 6 ಇಂಚು ಖಾಲಿ ಇರ್ಬೇಕು, 150 ಅಡಿಗಿಂತ ಉದ್ದ ಕುರುಡು ದಾರಿಗೆ ಗಾಡಿ ತಿರುಗಿಸೋ ಜಾಗ ಬೇಕು, ಹೈಡ್ರಂಟ್ (ಬೆಂಕಿ ಆರಿಸೋ ನೀರಿನ ನಲ್ಲಿ) ಸುತ್ತ 3 ಅಡಿ ಖಾಲಿ ಬೇಕು. ಫೈರ್ ಗಾಡಿ ತಿರುಗೋ ಗೆರೆ ಸಿವಿಲ್ ಶೀಟಲ್ಲಿ ಇರತ್ತೆ, ಅದು ಐಲ್ಯಾಂಡಿನ ಮೂಲೆ ತುಳಿಯತ್ತಾ ನೋಡಿ. ಕಸದ ಲಾರಿಗೂ ಇದೇ ಪರೀಕ್ಷೆ ಮಾಡಿ, ಅದು ಕಸದ ತೊಟ್ಟಿ ಎತ್ತೋ ಜಾಗದ ಮೇಲೆ ಕೊಂಬೆ ಬರಬಾರದು.

ಡ್ರೈವ್‌ವೇ ಜೊತೆ: ಸೈಟ್ ಟ್ರಯಾಂಗಲ್, ಅಂದ್ರೆ ದೃಷ್ಟಿ ತ್ರಿಕೋನ (ಇಲ್ಲಿ ಸೈಟ್ ಅಂದ್ರೆ ಜಾಗ ಅಲ್ಲ, ನೋಟ). ಗಾಡಿ ಹೊರಗೆ ಬರೋ ಮೂಲೆಯಲ್ಲಿ ಎರಡೂ ಕಡೆ ಇಂತಿಷ್ಟು ಅಡಿ ತ್ರಿಕೋನದಲ್ಲಿ ಕಣ್ಣಿಗೆ ಅಡ್ಡ ಏನೂ ಇರಬಾರದು, ತ್ರಿಕೋನದ ಅಳತೆ ನಿಮ್ಮ ಕೋಡಲ್ಲಿರತ್ತೆ. ರಸ್ತೆ ವಿನ್ಯಾಸದಲ್ಲಿ ಕಾರು ಓಡಿಸೋರ ಕಣ್ಣಿನ ಎತ್ತರ 3.5 ಅಡಿ ಅಂತ ಹಿಡೀತಾರೆ, ಅದಕ್ಕೇ ಅಲ್ಲಿ ಪೊದೆ ಎತ್ತರವನ್ನ 2.5 ಅಥವಾ 3 ಅಡಿಗೆ ಸೀಮಿತ ಮಾಡೋದು. ನೆಡೋವಾಗಿನ ಎತ್ತರ ನೋಡ್ಬೇಡಿ, ಬೆಳೆದ ಮೇಲಿನ ಎತ್ತರ ನೋಡಿ. ಅಂಗಡಿ ಬೋರ್ಡ್ ಕೂಡ ಇದೇ ತ್ರಿಕೋನದಲ್ಲಿ ಬಂದು ಕೂತಿರತ್ತೆ. ಇದ್ರಲ್ಲಿ ಮಾತ್ರ ರಿಯಾಯಿತಿ ಕೊಡ್ಬೇಡಿ, ಸೈಕಲ್‌ನಲ್ಲಿ ಬರೋ ಮಕ್ಕಳ ಜೀವದ ವಿಷಯ.

ಗ್ರೇಡಿಂಗ್ ಜೊತೆ: 3:1ಕ್ಕಿಂತ (3 ಅಡಿ ದೂರಕ್ಕೆ 1 ಅಡಿ ಇಳಿತ) ಕಡಿದಾದ ಇಳಿಜಾರಲ್ಲಿ ಹುಲ್ಲು ಕತ್ತರಿಸೋ ಮಷಿನ್ ಓಡಿಸೋದು ಅಪಾಯ, ಅಲ್ಲಿ ಹುಲ್ಲಿನ ಬದಲು ನೆಲ ಹಿಡಿಯೋ ಗಿಡ ಕೇಳಿ. ಮಳೆನೀರು ನಿಲ್ಲೋ ಹೊಂಡದ ತಳದಲ್ಲಿ ನೀರಿಗೆ ತಡೆಯದ ಮರ ತೋರಿಸಿದ್ದಾರಾ ನೋಡಿ. ಎಲಿವೇಶನ್ ಜೊತೆ: ಚಾವಣಿ ಮೇಲಿನ ಎಸಿ ಯೂನಿಟ್ ಎತ್ತರ, ಪ್ಯಾರಪೆಟ್ (ಚಾವಣಿ ಅಂಚಿನ ಗೋಡೆ) ಎತ್ತರ, ಎರಡೂ ಹೋಲಿಸಿ ಯೂನಿಟ್ ಮರೆಯಾಗತ್ತಾ ನೋಡಿ.

ಸ್ಟೆಪ್ 9: ಶರಾ ಬರೆಯೋದು

"ಲ್ಯಾಂಡ್‌ಸ್ಕೇಪ್ ಸಾಕಾಗಲ್ಲ, ಸರಿಪಡಿಸಿ" ಅಂತ ಬರೆದ್ರೆ ಅರ್ಜಿದಾರರಿಗೆ ಏನೂ ಅರ್ಥ ಆಗಲ್ಲ, ನಾಲ್ಕು ಗಿಡ ಸೇರಿಸಿ ವಾಪಸ್ ಕಳಿಸ್ತಾರೆ. ಹೀಗೆ ಬರೀರಿ: "ಶೀಟ್ ಎಲ್-2, ವಿಸ್ತೀರ್ಣ ಟೇಬಲ್: 12,600 ಚದರಡಿಯಲ್ಲಿ ರಸ್ತೆಗೆ ಬಿಟ್ಟುಕೊಡುವ 2,000, ಜಲ್ಲಿ 400, ಕಿರಿದಾದ ಪಟ್ಟಿ 500 ಸೇರಿವೆ. ಇವನ್ನು ಕಳೆದರೆ 9,700, ಅಂದರೆ ನೆಟ್ ವಿಸ್ತೀರ್ಣದ 16.7%. ಕನಿಷ್ಠ 20%, ಅಂದರೆ 11,600 ತೋರಿಸಿ." ಜೊತೆಗೆ ಕೋಡಿನ ಸೆಕ್ಷನ್ ನಂಬರ್. ಎಲ್ಲಿ, ಏನು ಕಂಡಿತು, ಯಾವ ನಿಯಮ, ಏನು ಬೇಕು, ಈ ನಾಲ್ಕೂ ಇದ್ರೆ ಫೋನ್ ಮಾಡಿ ಕೇಳೋ ಪ್ರಮೇಯ ಬರಲ್ಲ. ಕಡ್ಡಾಯದ್ದು ಒಂದು ಕಡೆ, ಸಲಹೆ ಇನ್ನೊಂದು ಕಡೆ. ಬಿಲ್ಡಿಂಗ್ ಜರುಗಿಸ್ಬೇಕಾದ ದೊಡ್ಡ ವಿಷಯಗಳು ಮೊದಲಿಗೆ ಬರ್ಲಿ, ಗಿಡದ ಹೆಸರಿನ ಕಾಗುಣಿತ ತಪ್ಪಿದ್ರೆ ಅದು ಕೊನೆಗೆ.

ನಿಜವಾಗ್ಲೂ ನಿಯಮ ಪಾಲಿಸೋಕೆ ಆಗದ ಸೈಟುಗಳೂ ಇರ್ತಾವೆ, ತ್ರಿಕೋನ ಆಕಾರದ್ದೋ, ಬಂಡೆ ಇರೋದೋ. ಅಂಥ ಕಡೆ ವೇರಿಯನ್ಸ್ (ನಿಯಮದಿಂದ ವಿನಾಯಿತಿ) ದಾರಿ ಇದೆ, ಅಥವಾ ಬದಲಿ ಲ್ಯಾಂಡ್‌ಸ್ಕೇಪ್ ಪ್ಲಾನ್ ಕೊಡೋಕೆ ಕೋಡ್ ಬಿಟ್ಟಿರತ್ತೆ. ಅದನ್ನ ಅರ್ಜಿದಾರರಿಗೆ ತಿಳಿಸೋದು ನಮ್ಮ ಕೆಲಸದ ಭಾಗ ಅಂತ ನಾನು ನಂಬಿದ್ದೀನಿ.

ಸ್ಟೆಪ್ 10: ಮತ್ತೆ ಬಂದಾಗ, ಮತ್ತೆ ನೆಟ್ಟಾಗ

ತಿದ್ದಿದ ಪ್ಲಾನ್ ಬಂದಾಗ ಮೋಡದ ಗೆರೆ (ಬದಲಾದ ಜಾಗದ ಸುತ್ತ ಬರೆಯೋ ಮೋಡದಾಕಾರದ ಗುರುತು) ಹಾಕಿರೋ ಕಡೆ ಮಾತ್ರ ನೋಡಿ ಮುಗಿಸಬೇಡಿ. ಬಿಲ್ಡಿಂಗ್ 7 ಅಡಿ ಹಿಂದಕ್ಕೆ ಹೋಗಿದ್ರೆ ಹಿಂದಿನ ದಾರಿ 24 ರಿಂದ 17 ಅಡಿ ಆಗಿರ್ಬೋದು, ಅದಕ್ಕೆ ಯಾರೂ ಮೋಡ ಹಾಕಿರಲ್ಲ. ಹಳೇದು ಹೊಸದು ಓವರ್‌ಲೇ ಮಾಡಿ, ಟೇಬಲ್‌ಗಳನ್ನ ಮತ್ತೆ ಕೂಡಿ.

ಮಂಜೂರಾತಿ ಕೊಡೋವಾಗ ಷರತ್ತಿನಲ್ಲಿ ಎರಡು ವಿಷಯ ಸೇರಿಸಿ: ಸತ್ತ ಗಿಡಕ್ಕೆ ಬದಲಿ ಗಿಡ ಯಾರು, ಎಷ್ಟು ದಿನದೊಳಗೆ ನೆಡ್ಬೇಕು, ಮತ್ತೆ ಗಿಡದ ಜಾತಿ ಬದಲಾಯಿಸೋದಾದ್ರೆ ಮೊದ್ಲು ಕೇಳ್ಬೇಕು. ನರ್ಸರಿಯಲ್ಲಿ ಸ್ಟಾಕ್ ಇಲ್ಲ ಅಂತ 30 ಅಡಿ ಹರಡೋ ಮರದ ಬದಲು 10 ಅಡಿ ಹರಡೋದು ನೆಟ್ಟು ಹೋಗಿರ್ತಾರೆ, ನೆಟ್ಟ ದಿನ ಎರಡೂ ಒಂದೇ ತರ ಕಾಣೋದ್ರಿಂದ ಯಾರಿಗೂ ಗೊತ್ತಾಗಲ್ಲ. ಗಿಡಕ್ಕೆ ಕಟ್ಟಿರೋ ಟ್ಯಾಗ್ ಕಿತ್ತುಹಾಕೋ ಮೊದ್ಲೇ ಇನ್‌ಸ್ಪೆಕ್ಷನ್ ಇಟ್ಕೊಳ್ಳಿ, ಟ್ಯಾಗಿನ ಹೆಸರು ಪಟ್ಟಿಯ ಹೆಸರಿಗೆ ತಾಳೆ ನೋಡಿ, ಕ್ಯಾಲಿಪರ್ ಟೇಪ್ ತಗೊಂಡು ಹೋಗಿ, ಬುಡ ಅಗಲ ಆಗಿ ಬೇರಿಗೆ ತಿರುಗೋ ಭಾಗ ಮಣ್ಣಿನ ಮೇಲೆ ಕಾಣತ್ತಾ ನೋಡಿ. ಕಂಬ ಹೂತ ಹಾಗೆ ನೇರವಾಗಿ ಮಣ್ಣೊಳಗೆ ಇಳಿದಿದ್ರೆ ಆಳಕ್ಕೆ ನೆಟ್ಟಿದ್ದಾರೆ ಅಂತ ಅರ್ಥ. ಅವತ್ತೇ ಎತ್ತಿ ನೆಡಿಸಿ, ಕೆಲಸಗಾರರು ಸೈಟಲ್ಲೇ ಇರ್ತಾರೆ, ಅರ್ಧ ಗಂಟೆ ಸಾಕು.